ಹಾನಗಲ್ಲ ಯಾರ ಕಡೆ, ವಿಧಾನಸೌಧ ಯಾರ ಕಡೆ

ವಿಧಾನಸಭಾ ಕ್ಷೇತ್ರವನ್ನು ಸಂಸ್ಥೆಯೆಂದು ಎಣಿಸುವ ರೂಢಿ ನಮ್ಮಲ್ಲಿಲ್ಲ. ಅದಕ್ಕೆ ಕಟ್ಟಡವಿಲ್ಲ, ಆಡಳಿತ ಮಂಡಳಿಯಿಲ್ಲ, ಗೋಡೆಗೆ ತೂಗುಹಾಕಿದ ಸಂಸ್ಥಾಪಕರ ಭಾವಚಿತ್ರವಿಲ್ಲ. ಆದರೂ ಅದಕ್ಕೊಂದು ಎಲ್ಲೆಯಿದೆ, ಹಿರಿಯರಿಂದ ಕಿರಿಯರಿಗೆ ಇಳಿದುಬಂದ ನಡವಳಿಕೆಯಿದೆ, ಜನರ ನಾಲಿಗೆಯ ಮೇಲೆ ಉಳಿದ ಚರಿತ್ರೆಯಿದೆ. ಹಾವೇರಿ ಜಿಲ್ಲೆಯ ಹಾನಗಲ್ಲ ಕ್ಷೇತ್ರಕ್ಕೆ ಈ ಮೂರೂ ಧಾರಾಳವಾಗಿವೆ.

ಲೆಕ್ಕ ಸರಳವಾಗಿದೆ. 1978ರಿಂದ 2023ರವರೆಗೆ ಕರ್ನಾಟಕ ವಿಧಾನಸಭೆಗೆ ಹನ್ನೊಂದು ಸಾರ್ವತ್ರಿಕ ಚುನಾವಣೆಗಳು ನಡೆದಿವೆ. ಅವುಗಳಲ್ಲಿ ಎಂಟು ಸಲ ಹಾನಗಲ್ಲದಲ್ಲಿ ಗೆದ್ದ ಪಕ್ಷವೇ ಬೆಂಗಳೂರಿನಲ್ಲಿ ಸರ್ಕಾರ ರಚಿಸಿತು. ಇನ್ನೆರಡು ಸಲ ಇಲ್ಲಿ ಗೆದ್ದದ್ದು ಸದನದ ಅತಿದೊಡ್ಡ ಪಕ್ಷ. ಮೊದಲಿಗೆ ವಿರೋಧಪಕ್ಷದ ಸಾಲಿನಲ್ಲಿ ಕುಳಿತರೂ ಆ ಪಕ್ಷ ಎರಡೂ ಸಲ ಅದೇ ವಿಧಾನಸಭೆಯ ಅವಧಿಯಲ್ಲಿ ಅಧಿಕಾರಕ್ಕೆ ಬಂತು. ಉಳಿದದ್ದು 1983. ಆ ವರ್ಷ ಹಾನಗಲ್ಲ ಆರಿಸಿದ್ದು ಪಕ್ಷೇತರರನ್ನು. ರಾಜ್ಯದ ಹೊಸ ಸರ್ಕಾರಕ್ಕೂ ಬಲ ಬಂದದ್ದು ಪಕ್ಷೇತರರಿಂದ ಮತ್ತು ಹೊರಗಿನ ಬೆಂಬಲದಿಂದ.

ಇಂಥ ದಿಕ್ಸೂಚಿ ಕ್ಷೇತ್ರಗಳು ಬೇರೆಡೆಯೂ ಉಂಟು. ಬ್ರಿಟನ್ನಿನ ಕೆಂಟ್ ಪ್ರಾಂತ್ಯದ ಡಾರ್ಟ್‌ಫರ್ಡ್ 1964ರಿಂದ 2024ರವರೆಗಿನ ಪ್ರತಿ ಸಾರ್ವತ್ರಿಕ ಚುನಾವಣೆಯಲ್ಲೂ ದೇಶದಲ್ಲಿ ಸರ್ಕಾರ ರಚಿಸಿದ ಪಕ್ಷದ ಅಭ್ಯರ್ಥಿಯನ್ನೇ ಪಾರ್ಲಿಮೆಂಟಿಗೆ ಕಳಿಸಿದೆ. ಮುಂದೆ ಮಾರ್ಗರೆಟ್ ಥ್ಯಾಚರ್ ಎಂದು ಹೆಸರಾದವರು 1950 ಮತ್ತು 1951ರಲ್ಲಿ ಸ್ಪರ್ಧಿಸಿ ಸೋತ ಕ್ಷೇತ್ರವೂ ಅದೇ. ನಮ್ಮ ಕಡೆ ಈ ಕೀರ್ತಿ ಬಹುಕಾಲ ನೆರೆಯ ಗದಗ ಜಿಲ್ಲೆಯ ಶಿರಹಟ್ಟಿಗೆ ಸಂದಿತ್ತು. ಶಿರಹಟ್ಟಿ ಗೆದ್ದವರಿಗೆ ರಾಜ್ಯ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ ಮತ ಎಣಿಕೆಯ ದಿನ ಪತ್ರಕರ್ತರು ಮೊದಲು ಆ ಕಡೆ ನೋಡುತ್ತಿದ್ದರು. 2023ರಲ್ಲಿ ಶಿರಹಟ್ಟಿಯಲ್ಲಿ ಬಿಜೆಪಿಯ ಚಂದ್ರು ಲಮಾಣಿ ಗೆದ್ದರು, ರಾಜ್ಯ ಕಾಂಗ್ರೆಸ್ಸಿನ ಪಾಲಾಯಿತು, ನಂಬಿಕೆ ಮುರಿಯಿತು. ಅಷ್ಟೇನೂ ಸದ್ದು ಮಾಡದ ಹಾನಗಲ್ಲದ ದಾಖಲೆ ಮಾತ್ರ ಆ ಚುನಾವಣೆಯಲ್ಲೂ ಹಾಗೆಯೇ ಉಳಿಯಿತು.

ನೆಲ ಮತ್ತು ನೀರು

ಹಾನಗಲ್ಲ ಹಳೆಯ ಊರು. ಶಾಸನಗಳು ಇದನ್ನು ಪಾನುಂಗಲ್ಲು ಎನ್ನುತ್ತವೆ. ಕದಂಬರ ಒಂದು ಶಾಖೆ ಇಲ್ಲಿಂದ ಪಾನುಂಗಲ್ಲು ಐನೂರು ನಾಡನ್ನು ಆಳಿತು. ತಾರಕೇಶ್ವರ ದೇವಾಲಯದ ಕಮಲದ ಛತ್ತು ಆ ವೈಭವದ ಕುರುಹು. ಮಹಾಭಾರತದ ವಿರಾಟನಗರ ಇದೇ ಎಂದು ಜನ ನಂಬುತ್ತಾರೆ. ಶಿವಯೋಗಮಂದಿರವನ್ನು ಕಟ್ಟಿದ ಕುಮಾರಸ್ವಾಮಿಗಳ ಹೆಸರಿನ ಜೊತೆ ಹಾನಗಲ್ಲದ ಹೆಸರು ನಾಡಿನಾದ್ಯಂತ ತಿಳಿದಿದೆ.

ರಾಜಕೀಯ ಅರಿಯಲು ಇಷ್ಟು ಸಾಲದು, ಹೊಲಗಳ ಕಡೆಗೂ ನೋಡಬೇಕು. ತಾಲ್ಲೂಕಿನ ಪಶ್ಚಿಮ ಭಾಗ ಮಲೆನಾಡಿನ ಸೆರಗು, ಪೂರ್ವಕ್ಕೆ ಹೋದಂತೆ ಬಯಲುಸೀಮೆ. ವರದಾ ಮತ್ತು ಧರ್ಮಾ ನದಿಗಳ ನೀರು, ಧರ್ಮಾ ಕಾಲುವೆ, ಊರೂರಿಗೂ ಕೆರೆ. ಒಂದು ಕಾಲಕ್ಕೆ ಭತ್ತವೇ ಪ್ರಧಾನವಾಗಿದ್ದ ನಾಡಿನಲ್ಲಿ ಈಗ ಗೋವಿನಜೋಳ, ಹತ್ತಿ, ಶುಂಠಿ, ಅಡಿಕೆ, ಮಾವು ಎಲ್ಲವೂ ಇವೆ. ಹಾನಗಲ್ಲ, ಅಕ್ಕಿಆಲೂರು, ಬಮ್ಮನಹಳ್ಳಿ ಹೋಬಳಿಗಳ ಊರುಗಳಲ್ಲಿ ಲಿಂಗಾಯತರು, ಮುಸ್ಲಿಮರು, ಗಂಗಾಮತಸ್ಥರು, ಕುರುಬರು, ಪರಿಶಿಷ್ಟರು, ಮರಾಠರು ಅಕ್ಕಪಕ್ಕದಲ್ಲೇ ಬದುಕಿದ್ದಾರೆ. ಒಂದೇ ಬೆಳೆ ನಂಬಿದ ಊರಿನ ರಾಜಕೀಯ ಆ ಬೆಳೆಯ ಬೆಲೆಯ ಹಿಂದೆ ಹೋಗುತ್ತದೆ. ಒಂದೇ ಸಮುದಾಯ ಬಲವಾಗಿರುವ ಕ್ಷೇತ್ರದ ರಾಜಕೀಯ ಆ ಸಮುದಾಯದ ಮುಖಂಡನ ಹಿಂದೆ. ಹಾನಗಲ್ಲದಲ್ಲಿ ಗೆಲ್ಲಬೇಕಾದವರು ಭತ್ತದ ಗದ್ದೆಯವರನ್ನೂ ಮಳೆಯಾಶ್ರಿತ ಹೊಲದವರನ್ನೂ, ಪೇಟೆಯವರನ್ನೂ ಕೇರಿಯವರನ್ನೂ ಒಟ್ಟಿಗೆ ಒಲಿಸಿಕೊಳ್ಳಬೇಕು. ರಾಜ್ಯವನ್ನು ಗೆಲ್ಲಬೇಕಾದವರ ಪಾಡೂ ಇದೇ ಅಲ್ಲವೇ?

ಗಾಳಿ ಒಂದೇ ಕಡೆ ಇದ್ದ ಕಾಲ

1956ರವರೆಗೆ ಈ ಪ್ರದೇಶ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಏಕೀಕರಣದ ಬಳಿಕ 1957ರಲ್ಲಿ ಮೈಸೂರು ರಾಜ್ಯದ ವಿಧಾನಸಭೆಗೆ ಮೊದಲ ಚುನಾವಣೆ ನಡೆಯಿತು. 1972ರ ಚುನಾವಣೆಯವರೆಗೂ ರಾಜ್ಯದ ಆಳ್ವಿಕೆ ಕಾಂಗ್ರೆಸ್ಸಿಗರ ಕೈಯಲ್ಲೇ ಇತ್ತು. 1969ರಲ್ಲಿ ಪಕ್ಷ ಒಡೆದಾಗಲೂ ಜಗಳ ಮನೆಯೊಳಗಿನದೇ ಆಗಿತ್ತು. ಗಾಳಿ ಒಂದೇ ಕಡೆ ಬೀಸುವಾಗ ಯಾವ ಕ್ಷೇತ್ರ ದಿಕ್ಕು ತೋರಿಸುತ್ತದೆ ಎಂದು ತಿಳಿಯುವಂತಿರಲಿಲ್ಲ. ಹಾನಗಲ್ಲದ ಗುಣ ಬೆಳಕಿಗೆ ಬಂದದ್ದು 1978ರಲ್ಲಿ.

ತುರ್ತುಪರಿಸ್ಥಿತಿ ಮುಗಿದು ದೆಹಲಿಯಲ್ಲಿ ಜನತಾ ಸರ್ಕಾರ ಬಂದಿದ್ದ ಕಾಲವದು. ಕರ್ನಾಟಕ ಮಾತ್ರ ದೇವರಾಜ ಅರಸರ ಬೆನ್ನಿಗೆ ನಿಂತಿತು; ಇಂದಿರಾ ಕಾಂಗ್ರೆಸ್ 149 ಸ್ಥಾನ ಗೆದ್ದಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರ ಬಾಳನ್ನು ತಟ್ಟಿತ್ತು. ಹಾನಗಲ್ಲವೂ ಇಂದಿರಾ ಕಾಂಗ್ರೆಸ್ಸಿನ ಮನೋಹರ ತಹಶೀಲ್ದಾರರನ್ನು ಆರಿಸಿತು. ಅಲ್ಲಿಂದ ಮುಂದಿನ ನಾಲ್ಕು ದಶಕಗಳ ಕಥೆ ಇಬ್ಬರೇ ಮನುಷ್ಯರದು.

ಉದಾಸಿ ಮತ್ತು ತಹಶೀಲ್ದಾರ

1983ರ ಜನವರಿಯಲ್ಲಿ ಕರ್ನಾಟಕ ಮೊದಲ ಸಲ ಕಾಂಗ್ರೆಸ್ಸನ್ನು ಕೆಳಗಿಳಿಸಿತು. ಜನತಾ ಪಕ್ಷಕ್ಕೆ ಬಂದದ್ದು 95 ಸ್ಥಾನ. ಬಿಜೆಪಿ, ಎಡಪಕ್ಷಗಳು ಮತ್ತು ಪಕ್ಷೇತರರ ಬೆಂಬಲದಿಂದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಹಾನಗಲ್ಲದಲ್ಲಿ ಪಕ್ಷೇತರರಾಗಿ ನಿಂತ ಚನ್ನಬಸಪ್ಪ ಮಹಾಲಿಂಗಪ್ಪ ಉದಾಸಿ ಗೆದ್ದುಬಂದರು. ಎರಡು ವರ್ಷಗಳ ಬಳಿಕ, ಲೋಕಸಭೆಯಲ್ಲಿ ಜನತಾ ಪಕ್ಷ ನೆಲಕಚ್ಚಿದ್ದನ್ನು ಕಂಡು ಹೆಗಡೆಯವರು ವಿಧಾನಸಭೆ ವಿಸರ್ಜಿಸಿ ಮತ್ತೆ ಜನರ ಮುಂದೆ ಹೋದರು. 1984ರ ಡಿಸೆಂಬರಿನಲ್ಲಿ ಧಾರವಾಡ ದಕ್ಷಿಣ ಲೋಕಸಭಾ ಕ್ಷೇತ್ರ ಕಾಂಗ್ರೆಸ್ಸಿಗೆ ಒಲಿದಿತ್ತು. ಅದರ ಒಡಲಲ್ಲೇ ಇದ್ದ ಹಾನಗಲ್ಲ 1985ರ ಮಾರ್ಚಿನಲ್ಲಿ ಜನತಾ ಪಕ್ಷದ ಉದಾಸಿಯವರನ್ನು ಆರಿಸಿತು. ರಾಜ್ಯದಲ್ಲಿ ಜನತಾ ಪಕ್ಷಕ್ಕೆ 139 ಸ್ಥಾನ ಬಂದವು. ದೆಹಲಿಗೊಂದು ಮತ, ಬೆಂಗಳೂರಿಗೊಂದು ಮತ ಎಂಬ ವಿವೇಕವನ್ನು ಕನ್ನಡಿಗರು ದೇಶಕ್ಕೆ ತೋರಿಸಿಕೊಟ್ಟ ಚುನಾವಣೆಯದು.

ಆಮೇಲೆ ಸರದಿ ಶುರುವಾಯಿತು. 1989ರಲ್ಲಿ ಕಾಂಗ್ರೆಸ್ ಭಾರಿ ಬಹುಮತದಿಂದ ಮರಳಿತು, ಹಾನಗಲ್ಲದಲ್ಲಿ ತಹಶೀಲ್ದಾರರು ಮರಳಿದರು. 1994ರಲ್ಲಿ ಜನತಾದಳ 115 ಸ್ಥಾನ ಪಡೆದು ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾದರು, ಹಾನಗಲ್ಲದಲ್ಲಿ ಜನತಾದಳದ ಉದಾಸಿ. 1999ರಲ್ಲಿ ಎಸ್.ಎಂ. ಕೃಷ್ಣ ನೇತೃತ್ವದ ಕಾಂಗ್ರೆಸ್ಸಿಗೆ 132, ಹಾನಗಲ್ಲದಲ್ಲಿ ಮತ್ತೆ ತಹಶೀಲ್ದಾರ.

2004ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿ 79 ಸ್ಥಾನಗಳೊಡನೆ ಮೊದಲ ಸಲ ಅತಿದೊಡ್ಡ ಪಕ್ಷವಾಯಿತು. ಬಿಜೆಪಿ ಸೇರಿದ್ದ ಉದಾಸಿಯವರು ಹಾನಗಲ್ಲದಲ್ಲಿ ಗೆದ್ದರು. ಕಾಂಗ್ರೆಸ್–ಜೆಡಿಎಸ್ ಸರ್ಕಾರ ಮೊದಲು ಬಂತು. 2006ರಲ್ಲಿ ಅದು ಮುರಿದು ಬಿಜೆಪಿ ಅಧಿಕಾರದಲ್ಲಿ ಪಾಲುದಾರನಾಯಿತು. 2008ರಲ್ಲಿ 110 ಸ್ಥಾನಗಳೊಡನೆ ಬಿ.ಎಸ್. ಯಡಿಯೂರಪ್ಪ ದಕ್ಷಿಣ ಭಾರತದ ಮೊದಲ ಬಿಜೆಪಿ ಸರ್ಕಾರ ರಚಿಸಿದಾಗ ಉದಾಸಿಯವರು ಲೋಕೋಪಯೋಗಿ ಸಚಿವರಾದರು. ಹಾನಗಲ್ಲದಲ್ಲಿ ಒಬ್ಬ ಶಾಸಕ ಎರಡು ಸಲ ಬೆನ್ನುಬೆನ್ನಿಗೆ ಗೆದ್ದದ್ದು 1985ರ ನಂತರ ಅದೇ ಮೊದಲು.

ಆ ನಿರಂತರತೆಯೂ ಹೆಚ್ಚು ಕಾಲ ನಡೆಯಲಿಲ್ಲ. ಯಡಿಯೂರಪ್ಪನವರು ಬಿಜೆಪಿ ತೊರೆದು ಕರ್ನಾಟಕ ಜನತಾ ಪಕ್ಷ ಕಟ್ಟಿದಾಗ ಉದಾಸಿಯವರು ಸಚಿವ ಸ್ಥಾನ ಬಿಟ್ಟು ಅವರೊಡನೆ ನಡೆದರು. 2013ರಲ್ಲಿ ರಾಜ್ಯದೆಲ್ಲೆಡೆ ಬಿಜೆಪಿ, ಕೆಜೆಪಿ ಮತಗಳು ಒಡೆದವು, ಕಾಂಗ್ರೆಸ್ 122 ಸ್ಥಾನ ಗೆದ್ದಿತು. ಹಾನಗಲ್ಲ ನಾಲ್ಕನೆಯ ಸಲ ತಹಶೀಲ್ದಾರರ ಕೈ ಹಿಡಿಯಿತು; ಮುಂದೆ ಅವರು ಸಿದ್ದರಾಮಯ್ಯ ಸಂಪುಟದಲ್ಲಿ ಅಬಕಾರಿ ಸಚಿವರೂ ಆದರು. ಮರುವರ್ಷ ಲೋಕಸಭಾ ಚುನಾವಣೆಯಲ್ಲಿ ಉದಾಸಿಯವರ ಮಗ ಶಿವಕುಮಾರ ಉದಾಸಿ ಹಾವೇರಿ ಸಂಸದರಾಗಿ ಮತ್ತೆ ಗೆದ್ದರು.

2018ರದು ಉದಾಸಿಯವರ ಆರನೆಯ ಮತ್ತು ಕೊನೆಯ ಗೆಲುವು. ಎದುರಾಳಿ ಈ ಸಲ ತಹಶೀಲ್ದಾರರಲ್ಲ, ಹುಬ್ಬಳ್ಳಿ ಕಡೆಯಿಂದ ಬಂದ ಕಾಂಗ್ರೆಸ್ಸಿನ ಶ್ರೀನಿವಾಸ ಮಾನೆ. ಅಂತರ 6,514 ಮತ. ರಾಜ್ಯದಲ್ಲಿ ಬಿಜೆಪಿ 104 ಸ್ಥಾನಗಳೊಡನೆ ಮತ್ತೆ ಅತಿದೊಡ್ಡ ಪಕ್ಷವಾಯಿತು, ಮತ್ತೆ ಮೊದಲು ಮೈತ್ರಿ ಸರ್ಕಾರ ಬಂತು, 2019ರ ಜುಲೈನಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿಯಾದರು. ಹದಿನಾಲ್ಕು ವರ್ಷಗಳ ಹಿಂದಿನ ಪಾಠವೇ ಇನ್ನೊಮ್ಮೆ ಓದಿದಂತಾಯಿತು.

ಸವಣೂರು, ಶಿಗ್ಗಾಂವಿ, ಹಿರೇಕೆರೂರು

ಹಾನಗಲ್ಲದ ನಡೆಯ ವಿಶೇಷ ತಿಳಿಯಬೇಕಾದರೆ ನೆರೆಯ ಕ್ಷೇತ್ರಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಮಳೆ ಒಂದೇ, ಸಂತೆಗಳು ಹತ್ತಿರ, ಬೀಗತನಗಳು ಒಳಗೊಳಗೇ ಹೆಣೆದುಕೊಂಡಿವೆ. ಆದರೂ ಮತದ ದಾರಿ ಬೇರೆ ಬೇರೆ.

ನವಾಬರ ಸಂಸ್ಥಾನವಾಗಿದ್ದ ಸವಣೂರು 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ವಿ.ಕೃ. ಗೋಕಾಕರು ಹುಟ್ಟಿದ ಊರು, ಕಲ್ಮಠದ ದೊಡ್ಡಹುಣಸೆ ಮರಗಳ ಊರು, ಖಾರಕ್ಕೂ ವೀಳ್ಯದೆಲೆಗೂ ಹೆಸರಾದ ಊರು. ತನ್ನದೇ ಹೆಸರಿನ ವಿಧಾನಸಭಾ ಕ್ಷೇತ್ರ ಇಂದು ಅದಕ್ಕಿಲ್ಲ. ತಾಲ್ಲೂಕಿನ ಬಹುಭಾಗ ಶಿಗ್ಗಾಂವಿ ಕ್ಷೇತ್ರದಲ್ಲಿ ಸೇರಿದೆ. ಶಿಗ್ಗಾಂವಿಯಲ್ಲಿ ಅಭ್ಯರ್ಥಿಯಾದವರು ಸವಣೂರಿನ ಮತವನ್ನು ಲೆಕ್ಕಕ್ಕೆ ಹಿಡಿಯದೆ ಗೆಲ್ಲುವುದು ಕಷ್ಟ.

ಕನಕದಾಸರ ಬಾಡ, ಶರೀಫರ ಶಿಶುನಾಳ ಇರುವ ಶಿಗ್ಗಾಂವಿ ನಾಡಿಗೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ಕ್ಷೇತ್ರ. 1962ರಲ್ಲಿ ಹೊಸದುರ್ಗದಲ್ಲಿ ಸೋತಿದ್ದ ಎಸ್. ನಿಜಲಿಂಗಪ್ಪ 1967ರಲ್ಲಿ ಶಿಗ್ಗಾಂವಿಯಿಂದ ಆರಿಸಿಬಂದು ಮುಖ್ಯಮಂತ್ರಿಯಾಗಿ ಮುಂದುವರಿದರು. ಮರುವರ್ಷ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ದೆಹಲಿಗೆ ಹೋದರು. 2008ರಿಂದ ಸತತ ನಾಲ್ಕು ಸಲ ಗೆದ್ದ ಬಸವರಾಜ ಬೊಮ್ಮಾಯಿ 2021ರ ಜುಲೈ 28ರಂದು ಮುಖ್ಯಮಂತ್ರಿಯಾದರು. ಹೀಗಿದ್ದೂ ಶಿಗ್ಗಾಂವಿ ರಾಜ್ಯದ ಗಾಳಿಗೆ ತಲೆದೂಗುವ ಕ್ಷೇತ್ರವಲ್ಲ. 2004ರಲ್ಲಿ ಪಕ್ಷೇತರ ರಾಜಶೇಖರ ಸಿಂಧೂರರನ್ನು ಗೆಲ್ಲಿಸಿತು. 2013ರಲ್ಲಿ, 2023ರಲ್ಲಿ ಕಾಂಗ್ರೆಸ್ ಅಲೆಯ ನಡುವೆಯೂ ಬೊಮ್ಮಾಯಿಯವರನ್ನು ಬಿಟ್ಟುಕೊಡಲಿಲ್ಲ. ಅವರು ಲೋಕಸಭೆಗೆ ಹೋದ ಬಳಿಕ 2024ರ ನವೆಂಬರಿನ ಉಪಚುನಾವಣೆಯಲ್ಲಿ ಮಾತ್ರ ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್ 13,448 ಮತಗಳಿಂದ ಬೊಮ್ಮಾಯಿಯವರ ಮಗ ಭರತ್ ಬೊಮ್ಮಾಯಿಯವರನ್ನು ಸೋಲಿಸಿದರು.

ಹಿರೇಕೆರೂರಿನ ದಾರಿ ಇನ್ನೊಂದು. ಮದಗದ ಕೆರೆಯ, ಅಬ್ಬಲೂರಿನ, ಸರ್ವಜ್ಞನ ನಾಡಿದು. ವಿಧಾನಸಭಾಧ್ಯಕ್ಷರಾಗಿದ್ದ ಬಿ.ಜಿ. ಬಣಕಾರ ಈ ನೆಲದವರು. ಇತ್ತೀಚಿನ ದಶಕಗಳಲ್ಲಿ ಇಲ್ಲಿ ಪಕ್ಷಕ್ಕಿಂತ ವ್ಯಕ್ತಿ ದೊಡ್ಡವರು. ಪೊಲೀಸ್ ಅಧಿಕಾರಿಯಾಗಿದ್ದು ಚಿತ್ರನಟರಾದ ಬಿ.ಸಿ. ಪಾಟೀಲ 2004ರಲ್ಲಿ ಜೆಡಿಎಸ್‌ನಿಂದ, 2008 ಮತ್ತು 2018ರಲ್ಲಿ ಕಾಂಗ್ರೆಸ್ಸಿನಿಂದ, 2019ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. ಯು.ಬಿ. ಬಣಕಾರ 2013ರಲ್ಲಿ ಕೆಜೆಪಿಯಿಂದ, 2023ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2018ರಲ್ಲಿ ಇವರಿಬ್ಬರ ನಡುವಿನ ಅಂತರ ಕೇವಲ 555 ಮತ. ನೆರೆಯ ಶಿಕಾರಿಪುರದ ಯಡಿಯೂರಪ್ಪನವರ ಪ್ರಭಾವವೂ ಈ ಕ್ಷೇತ್ರದ ಮೇಲೆ ಬಿದ್ದಿದೆ. 2013ರಲ್ಲಿ ಇಡೀ ರಾಜ್ಯದಲ್ಲಿ ಕೆಜೆಪಿ ಗೆದ್ದ ಆರು ಸ್ಥಾನಗಳಲ್ಲಿ ಹಿರೇಕೆರೂರೂ ಒಂದು.

ಒಬ್ಬ ನಾಯಕನನ್ನು ಬಲವಾಗಿ ಹಿಡಿದುಕೊಂಡದ್ದು ಶಿಗ್ಗಾಂವಿ. ನಾಯಕರ ಜೊತೆಗೆ ಪಕ್ಷದಿಂದ ಪಕ್ಷಕ್ಕೆ ನಡೆದದ್ದು ಹಿರೇಕೆರೂರು. ಎರಡೂ ಜನರ ಆಯ್ಕೆಯೇ, ಎರಡಕ್ಕೂ ಅದರದರ ಮರ್ಯಾದೆಯಿದೆ. ಹಾನಗಲ್ಲ ಇಬ್ಬರು ನಾಯಕರನ್ನೂ ಪ್ರೀತಿಸಿತು, ಇಬ್ಬರನ್ನೂ ಮನೆಗೆ ಕಳಿಸಿತು, ಇಬ್ಬರನ್ನೂ ಮತ್ತೆ ಕರೆಯಿತು.

2021ರ ಉಪಚುನಾವಣೆ

2021ರ ಜೂನ್ 8ರಂದು ಉದಾಸಿಯವರು ತೀರಿಕೊಂಡರು. ಅಕ್ಟೋಬರ್ 30ರಂದು ಹಾನಗಲ್ಲದಲ್ಲೂ ಸಿಂದಗಿಯಲ್ಲೂ ಉಪಚುನಾವಣೆ ನಡೆಯಿತು. ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿ ಮೂರು ತಿಂಗಳಾಗಿತ್ತಷ್ಟೇ. ಪಕ್ಕದ ಕ್ಷೇತ್ರದವರು, ಇದೇ ಜಿಲ್ಲೆಯವರು. ಸಚಿವರ ದಂಡೇ ಹಾನಗಲ್ಲಕ್ಕೆ ಇಳಿದಿತ್ತು. ಉಪಚುನಾವಣೆಯಲ್ಲಿ ಆಳುವ ಪಕ್ಷಕ್ಕೆ ಮತ ಹಾಕಿದರೆ ಕೆಲಸ ಆಗುತ್ತದೆ ಎಂಬುದು ಎಲ್ಲ ಕಡೆ ನಡೆದುಬಂದ ಮಾತು. ಸಿಂದಗಿ ಬಿಜೆಪಿಯ ಪಾಲಾಯಿತು. ಹಾನಗಲ್ಲದಲ್ಲಿ ಶ್ರೀನಿವಾಸ ಮಾನೆ ಬಿಜೆಪಿಯ ಶಿವರಾಜ ಸಜ್ಜನರ ಅವರನ್ನು 7,373 ಮತಗಳಿಂದ ಸೋಲಿಸಿದರು.

2018ರಲ್ಲಿ ಸೋತ ಮಾನೆಯವರು ಊರು ಬಿಟ್ಟು ಹೋಗಿರಲಿಲ್ಲ. ಹೊರಗಿನವರು ಎಂಬ ಮಾತು ಕೇಳಿಸಿಕೊಂಡೇ ಕ್ಷೇತ್ರದಲ್ಲಿ ಓಡಾಡಿದರು. ಕೊರೊನಾ ಕಾಲದಲ್ಲಿ ಮಾಡಿದ ನೆರವಿನ ಕೆಲಸ ಜನರ ಬಾಯಲ್ಲಿತ್ತು. ಸೋತ ಮೇಲೂ ಉಳಿದವರನ್ನು ಹಾನಗಲ್ಲ ಎಂದೂ ಬರಿಗೈಯಲ್ಲಿ ಕಳಿಸಿಲ್ಲ; ಉದಾಸಿ, ತಹಶೀಲ್ದಾರರಿಬ್ಬರ ಬಾಳೂ ಅದಕ್ಕೆ ಸಾಕ್ಷಿ. ಆ ಫಲಿತಾಂಶವನ್ನು ಆಗ ಹಲವರು ಸ್ಥಳೀಯ ಘಟನೆ ಎಂದು ಪಕ್ಕಕ್ಕಿಟ್ಟರು. ಒಂದೂವರೆ ವರ್ಷ ಕಳೆದು 2023ರ ಮೇನಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಾಗ, ಹಾನಗಲ್ಲ ಆಗಲೇ ಹೇಳಿತ್ತಲ್ಲ ಎಂದು ನೆನಪಿಸಿಕೊಂಡವರು ಕಡಿಮೆಯೇನಲ್ಲ. ಮಾನೆ ಮತ್ತೆ ಗೆದ್ದಿದ್ದರು.

ಈ ಗುಣ ಎಲ್ಲಿಂದ ಬಂತು

224 ಕ್ಷೇತ್ರಗಳ ರಾಜ್ಯದಲ್ಲಿ ಒಂದೆರಡರ ಫಲಿತಾಂಶ ಸರ್ಕಾರದ ಜೊತೆ ಹೊಂದಿಕೊಂಡೇ ಹೋಗುವುದು ಬರೀ ಆಕಸ್ಮಿಕವಿರಬಹುದು ಎನ್ನುವವರಿದ್ದಾರೆ. ಶಿರಹಟ್ಟಿಯ ನಂಬಿಕೆ ಮುರಿದದ್ದನ್ನು ಕಂಡ ಮೇಲೆ ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೂ ಹಾನಗಲ್ಲದ ವಿಷಯದಲ್ಲಿ ಆಕಸ್ಮಿಕಕ್ಕಿಂತ ಗಟ್ಟಿಯಾದ ಕಾರಣಗಳು ಕಾಣುತ್ತವೆ.

1985ರಿಂದ ಈಚೆಗೆ ಕರ್ನಾಟಕ ಯಾವ ಆಳುವ ಪಕ್ಷವನ್ನೂ ಸಾರ್ವತ್ರಿಕ ಚುನಾವಣೆಯಲ್ಲಿ ಮತ್ತೆ ಅಧಿಕಾರಕ್ಕೆ ಕಳಿಸಿಲ್ಲ. ಐದು ವರ್ಷ ಕೊಟ್ಟು ನೋಡುವುದು, ಸರಿಬರದಿದ್ದರೆ ಬದಲಿಸುವುದು ಇಲ್ಲಿನ ಮತದಾರರ ಪದ್ಧತಿ. ಹಾಗೆ ಬದಲಿಸಲು ಕ್ಷೇತ್ರದಲ್ಲಿ ಎರಡನೆಯ ನಾಯಕನೊಬ್ಬ ಬೇಕು, ಅವನು ಸೋತಾಗಲೂ ಜನರ ನಡುವೆ ಇರಬೇಕು. ಎಷ್ಟೋ ಕ್ಷೇತ್ರಗಳಲ್ಲಿ ಈ ಎರಡನೆಯವರು ಇರುವುದಿಲ್ಲ. ಜನರಿಗೆ ಸಿಟ್ಟು ಬಂದರೂ ಎದುರಿಗೆ ಆಳಿಲ್ಲ. ಹಾನಗಲ್ಲದಲ್ಲಿ ನಾಲ್ಕು ದಶಕ ಎರಡು ಬಾಗಿಲುಗಳೂ ತೆರೆದಿದ್ದವು. ಉದಾಸಿಯವರ ಮನೆಗೂ ಹೋಗಬಹುದಿತ್ತು, ತಹಶೀಲ್ದಾರರ ಮನೆಗೂ ಹೋಗಬಹುದಿತ್ತು. ಇಬ್ಬರಿಗೂ ಪ್ರತಿ ಊರಿನಲ್ಲಿ ಹೆಸರು ಹಿಡಿದು ಕರೆಯುವ ಜನ ಇದ್ದರು. ರಾಜ್ಯದಲ್ಲಿ ಅಸಮಾಧಾನ ಎದ್ದಾಗ ಅದು ಇಲ್ಲಿ ನೇರವಾಗಿ ಮತವಾಗಿ ಇಳಿಯಲು ಅಡ್ಡಿಯೇ ಇರಲಿಲ್ಲ.

ಇನ್ನೊಂದು ಕಾರಣ ನಿಷ್ಠೆಯ ಅಳತೆ. ಎರಡೂ ಕಡೆ ಗಟ್ಟಿ ಮತಗಳಿವೆ, ಆದರೆ ಯಾವ ಕಡೆಯ ಗಟ್ಟಿ ಮತವೂ ಒಂಟಿಯಾಗಿ ಗೆಲ್ಲಿಸುವಷ್ಟಿಲ್ಲ. ಎರಡು ಲಕ್ಷದಷ್ಟು ಮತದಾರರಿರುವ ಕ್ಷೇತ್ರದಲ್ಲಿ ಆರೇಳು ಸಾವಿರ ಮತಗಳ ಅಂತರವೆಂದರೆ, ಮೂರೂವರೆ ಸಾವಿರ ಜನ ಮನಸ್ಸು ಬದಲಿಸಿದರೆ ಫಲಿತಾಂಶ ತಿರುಗಿಬಿಡುತ್ತದೆ. ಕೆರೆ ತುಂಬಿತೇ, ಬೆಳೆವಿಮೆ ಬಂತೇ, ಗೋವಿನಜೋಳಕ್ಕೆ ಬೆಲೆ ಸಿಕ್ಕಿತೇ, ರೇಷನ್ ಸರಿಯಾಗಿ ಬಂತೇ ಎಂದು ಲೆಕ್ಕ ಹಾಕಿ ಮತ ಹಾಕುವವರು ಆ ಮೂರೂವರೆ ಸಾವಿರ. ಅವರ ಹೆಸರು ಯಾವ ಚರಿತ್ರೆಯಲ್ಲೂ ಬರುವುದಿಲ್ಲ. ಹಾನಗಲ್ಲಕ್ಕೆ ಈ ಹೆಸರು ತಂದುಕೊಟ್ಟವರು ಮಾತ್ರ ಅವರೇ.

ಸೋಲನ್ನು ತೆಗೆದುಕೊಂಡ ರೀತಿಯನ್ನೂ ಇಲ್ಲಿ ನೆನೆಯಬೇಕು. ಉದಾಸಿಯವರು ಆರು ಸಲ ಗೆದ್ದರು, ತಹಶೀಲ್ದಾರರು ನಾಲ್ಕು ಸಲ ಗೆದ್ದರು. ಒಬ್ಬರು ಗೆದ್ದಾಗಲೆಲ್ಲ ಬಹುಪಾಲು ಸೋತವರು ಇನ್ನೊಬ್ಬರು. ಸೋತವರು ಜನರನ್ನು ದೂರದೆ, ಕ್ಷೇತ್ರ ಬದಲಿಸದೆ, ಮುಂದಿನ ಚುನಾವಣೆಗೆ ಅದೇ ಹಳ್ಳಿಗಳ ಅದೇ ಕಟ್ಟೆಗಳಿಗೆ ಬಂದು ಕುಳಿತರು. ಸುರಕ್ಷಿತ ಕ್ಷೇತ್ರ ಹುಡುಕಿ ಜಿಲ್ಲೆಯಿಂದ ಜಿಲ್ಲೆಗೆ ಅಲೆಯುವ ಈ ಕಾಲದಲ್ಲಿ ಇದು ಸಣ್ಣ ಗುಣವಲ್ಲ. ಪ್ರಜಾಪ್ರಭುತ್ವಕ್ಕೆ ಗೆಲ್ಲುವವರು ಎಷ್ಟು ಬೇಕೋ ಸೋತು ನಿಲ್ಲುವವರೂ ಅಷ್ಟೇ ಬೇಕು.

ಮುಂದಿನ ಪೀಳಿಗೆಗೆ

1978ರಿಂದ ಈವರೆಗೆ ಹಾನಗಲ್ಲವನ್ನು ಪ್ರತಿನಿಧಿಸಿದವರು ಮೂವರೇ: ತಹಶೀಲ್ದಾರ, ಉದಾಸಿ, ಮಾನೆ. ಆಡಳಿತ ಬದಲಿಸುವುದರಲ್ಲಿ ಇಷ್ಟು ಚುರುಕಾದ ಕ್ಷೇತ್ರ ಹೊಸ ಮುಖಗಳನ್ನು ತರುವುದರಲ್ಲಿ ನಿಧಾನವಾಗಿದೆ ಎಂಬುದನ್ನು ಗೌರವದಿಂದಲೇ ಹೇಳಬೇಕು. ಮೂವರೂ ಗಂಡಸರು. ಸ್ವಸಹಾಯ ಸಂಘಗಳನ್ನೂ ಗ್ರಾಮ ಪಂಚಾಯಿತಿಗಳನ್ನೂ ನಡೆಸುತ್ತಿರುವ ಹೆಣ್ಣುಮಕ್ಕಳು ತಾಲ್ಲೂಕಿನ ಊರೂರಲ್ಲಿದ್ದಾರೆ. ವಿಧಾನಸಭೆಯ ಬಾಗಿಲು ಅವರಿಗೂ ತೆರೆಯಬೇಕು. ಕ್ಷೇತ್ರ ಮರುವಿಂಗಡಣೆ ನಡೆದರೆ ಎಲ್ಲೆಗಳು ಬದಲಾದಾವು, ಹೊಸ ಊರುಗಳು ಸೇರಿಯಾವು, ಇಷ್ಟು ವರ್ಷದ ಲೆಕ್ಕ ಅಲ್ಲಿಗೇ ನಿಂತೀತು.

ಹಾಗಾದರೂ ಚಿಂತೆಯಿಲ್ಲ. ಮುಂದೊಂದು ಚುನಾವಣೆಯಲ್ಲಿ ಹಾನಗಲ್ಲ ಒಂದು ಕಡೆ, ರಾಜ್ಯ ಇನ್ನೊಂದು ಕಡೆ ಹೋದರೆ ಪತ್ರಿಕೆಗಳು ದಿಕ್ಸೂಚಿ ಕೆಟ್ಟಿತು ಎಂದು ಬರೆದಾವು. ಈ ಕ್ಷೇತ್ರದವರು ಹೆಮ್ಮೆಪಡಬೇಕಾದದ್ದು ಸರ್ಕಾರದ ಜೊತೆ ಹೊಂದಿದ ಫಲಿತಾಂಶಗಳಿಗಿಂತ ಅವುಗಳ ಹಿಂದಿನ ಅಭ್ಯಾಸದ ಬಗ್ಗೆ: ಆರಿಸಿದವರನ್ನು ಪ್ರೀತಿಯಿಂದ ನೋಡಿಕೊಳ್ಳುವುದು, ಐದು ವರ್ಷಕ್ಕೊಮ್ಮೆ ಕಣ್ಣಲ್ಲಿ ಕಣ್ಣಿಟ್ಟು ಲೆಕ್ಕ ಕೇಳುವುದು, ಕೇಳಿದ ಲೆಕ್ಕ ಸರಿಬರದಿದ್ದರೆ ಎಷ್ಟು ದೊಡ್ಡವರಾದರೂ ಕೆಳಗಿಳಿಸುವುದು. ಹದಿನೆಂಟು ತುಂಬಿ ಮೊದಲ ಸಲ ಮತಗಟ್ಟೆಯ ಸಾಲಿನಲ್ಲಿ ನಿಲ್ಲುವ ತಿಳವಳ್ಳಿಯ, ಅಕ್ಕಿಆಲೂರಿನ, ಬೆಳಗಾಲಪೇಟೆಯ ಹುಡುಗ ಹುಡುಗಿಯರಿಗೆ ಹಿರಿಯರು ಈ ಅಭ್ಯಾಸವನ್ನು ಕಲಿಸಿಕೊಡಲಿ. ಅದನ್ನು ಕಲಿತ ಕ್ಷೇತ್ರ ಯಾರ ಕಡೆ ಹೋದರೂ ಅಲ್ಲಿನ ಶಾಸಕ ಜನರ ಮಾತಿಗೆ ಕಿವಿಗೊಡಲೇಬೇಕಾಗುತ್ತದೆ.